ವಿಂಡೋಸ್ ಅಳಿಸಬೇಡಿ, ಪಕ್ಕದಲ್ಲೇ ಲಿನಕ್ಸ್‌ಗೂ ಜಾಗ ಕೊಡಿ



ನಮ್ಮ ಸಂಘಟನೆಯ ಹಳೇ ಲ್ಯಾಪ್‌ಟಾಪ್ ಏನಾಯ್ತು ಅಂತ ತುಂಬಾ ಜನ ಕೇಳ್ತಿದ್ದೀರಿ. ಬದುಕಿದೆ. ಈಗ ಅದರಲ್ಲಿ ವಿಂಡೋಸೂ ಇದೆ, ಲಿನಕ್ಸೂ ಇದೆ. ಇದಕ್ಕೆ ಡ್ಯುಯಲ್ ಬೂಟ್ ಅಂತಾರೆ. ಆನ್ ಮಾಡಿದರೆ ಯಾವುದು ಬೇಕು ಅಂತ ಅದೇ ಕೇಳುತ್ತೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮದು ಐದನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್. ರಿಪೇರಿ ಅಂಗಡಿಯವನು "ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ" ಅಂದ. ಕೇರಿಯ ಜನ ಹತ್ತು ಇಪ್ಪತ್ತು ರೂಪಾಯಿ ಚಂದಾ ಕೊಟ್ಟು ತಂದ ಮಿಷನ್ನು ಅದು. ಅವನಿಗೇನು ಗೊತ್ತು.

ಲಿನಕ್ಸ್ ಬಲ್ಲ ಗೆಳೆಯನೊಬ್ಬ ವಿಂಡೋಸ್ ಪೂರ್ತಿ ಅಳಿಸಿಬಿಡೋಣ ಅಂದ. ನಾನು ಒಪ್ಪಲಿಲ್ಲ. ಕಾರಣ ನುಡಿ. ನಮ್ಮ ಪಿಟಿಸಿಎಲ್ ಜಮೀನಿನ ಅರ್ಜಿಗಳು, ದೌರ್ಜನ್ಯ ಪ್ರಕರಣಗಳ ಮನವಿಗಳು, ಸಭೆಯ ನಡಾವಳಿ, ಎಲ್ಲಾ ಹಳೇ ನುಡಿ ಫಾಂಟಲ್ಲಿ ಟೈಪಾಗಿವೆ. ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತೆ. ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳಿವೆ, ಆದರೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಕಣ್ಣಿಟ್ಟು ನೋಡಬೇಕು. ಮಂಜೂರಿದಾರರ ಹೆಸರಲ್ಲಿ ಒಂದು ಅಕ್ಷರ ತಪ್ಪಿದರೆ ಎದುರಿನ ವಕೀಲರಿಗೆ ಅಷ್ಟೇ ಸಾಕು. 1978ರ ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದ ಮೇಲಂತೂ ಹಳೇ ಕಡತಗಳನ್ನ ಮತ್ತೆ ಹೊರಗೆ ತೆಗೀತಿದ್ದೇವೆ. ಅವನ್ನ ಹುಟ್ಟಿದ ರೂಪದಲ್ಲೇ ಓದಕ್ಕೆ ವಿಂಡೋಸ್ ಇದ್ದರೆ ಸುಲಭ.

"ಒಂದೇ ಮಿಷನ್ನಿಗೆ ಎರಡು ಯಾಕಣ್ಣ, ಹೋಟ್ಲಲ್ಲಿ ಎರಡು ಲೋಟ ಇಟ್ಟಂಗೆ?" ಅಂತ ನಮ್ಮ ಹುಡುಗ ನಗಾಡಿದ. ಲೋಟ ಯಾವುದು ಅಂತ ಅಲ್ಲಿ ಅವರು ತೀರ್ಮಾನ ಮಾಡ್ತಿದ್ದರಪ್ಪಾ, ಇಲ್ಲಿ ಆರಿಸೋದು ನಾವು ಅಂದೆ.

ನಾನು ಬಿಎ ಓದಿದ ಗುಮಾಸ್ತ, ಇಂಜಿನಿಯರ್ ಅಲ್ಲ. ಒಂದು ಭಾನುವಾರ ಸಾಕಾಯಿತು. ಮೊದಲು ಎಲ್ಲಾ ಕಡತ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಇದನ್ನ ಮಾಡದೆ ಯಾರೂ ಕೈ ಹಾಕಬೇಡಿ. ಬಿಟ್‌ಲಾಕರ್ ಬೀಗ ಇರೋ ಲ್ಯಾಪ್‌ಟಾಪ್ ಆದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಸಿ ಡ್ರೈವನ್ನ ಕುಗ್ಗಿಸಿ 100 ಜಿಬಿ ಖಾಲಿ ಬಿಟ್ಟೆ. ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತೆ, ಆಗ ಲಿನಕ್ಸ್‌ನಿಂದ ಆ ಡ್ರೈವಿಗೆ ಏನೂ ಬರೆಯಕ್ಕಾಗದೆ ಹೋಗಬಹುದು. ರೂಫಸ್‌ನಿಂದ ಪೆನ್‌ಡ್ರೈವ್ ಸಿದ್ಧ ಮಾಡಿ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿದ್ದು. ಹಳೇ ಮಿಷನ್ನಿಗೆ ಹಗುರ, 2 ಜಿಬಿ ರ್‍ಯಾಮಿದ್ದರೂ ನಡೆಯುತ್ತೆ. ಇನ್‌ಸ್ಟಾಲ್ ಮಾಡದೇನೇ ಪೆನ್‌ಡ್ರೈವಿಂದಲೇ ಓಡಿಸಿ ವೈಫೈ, ಕೀಬೋರ್ಡ್ ನೋಡಿಕೊಳ್ಳಬಹುದು. ಇನ್‌ಸ್ಟಾಲ್ ಮಾಡುವಾಗ ಮಾತ್ರ "ವಿಂಡೋಸ್ ಪಕ್ಕದಲ್ಲಿ" ಅನ್ನೋ ಆಯ್ಕೆಯನ್ನೇ ಒತ್ತಬೇಕು. "ಇಡೀ ಡಿಸ್ಕ್ ಅಳಿಸು" ಅನ್ನೋದೂ ಅಲ್ಲೇ ಕೂತಿರುತ್ತೆ.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ಗಡಿಯಾರ ನಾಲ್ಕೂವರೆ ತೋರಿಸ್ತಿತ್ತು! ಹೆದರಬೇಡಿ. ಮಿಷನ್ನಿನೊಳಗಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಇಡುತ್ತೆ, ವಿಂಡೋಸ್ ಅದನ್ನೇ ನಮ್ಮೂರ ಸಮಯ ಅಂದುಕೊಳ್ಳುತ್ತೆ. ಐದೂವರೆ ಗಂಟೆ ವ್ಯತ್ಯಾಸ. ಲಿನಕ್ಸ್ ಟರ್ಮಿನಲ್ಲಿನಲ್ಲಿ ಒಂದು ಸಾಲು ಹಾಕಿದರೆ ಸರಿಹೋಗುತ್ತೆ.

ಈಗ ಸಂಜೆ ಅಂಬೇಡ್ಕರ್ ಭವನದಲ್ಲಿ ಮಕ್ಕಳು ಲಿನಕ್ಸಲ್ಲೇ ಕೂರ್ತಾರೆ. ಲಿಬ್ರೆ ಆಫೀಸ್ ಉಚಿತ, ಕ್ರ್ಯಾಕ್ ಹಾಕೋ ಕಳ್ಳದಾರಿ ಬೇಕಿಲ್ಲ, ಅದೇ ಪೆನ್‌ಡ್ರೈವಿಂದ ಪಕ್ಕದ ಕೇರಿಗೂ ಹಾಕಿಕೊಡಬಹುದು, ಲೈಸೆನ್ಸೇ ಒಪ್ಪುತ್ತೆ. ಟೈಪಿಂಗಿಗೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ. ನುಡಿಯಲ್ಲಿ ಪಳಗಿದ ನನ್ನಂಥ ಗುಮಾಸ್ತರ ಬೆರಳಿಗೆ ಹೊಸದಾಗಿ ಕಲಿಯೋ ಕೆಲಸವಿಲ್ಲ.

ಬಾಕಿ ಉಳಿದಿರೋದು ಹಳೇ ಅರ್ಜಿಗಳನ್ನ ಯೂನಿಕೋಡಿಗೆ ತಂದು ಮೂಲದ ಜೊತೆ ಹೋಲಿಸಿ ಓದೋ ಕೆಲಸ. ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಭಾನುವಾರ ಬಿಡುವಿದ್ದವರು ಇನ್‌ಬಾಕ್ಸಿಗೆ ಬನ್ನಿ.