ಟೈರಿನೊಳಗೆ ಬಂದವರು

ಮಕ್ಕಳೇ, ನಮ್ಮ ಹಿತ್ತಿಲು ನೋಡಿದರೆ ನೀವು ನಗುತ್ತೀರಿ. ಕರಿಬೇವಿನ ಗಿಡಕ್ಕೆ ಮಗುಚಿ ಕಟ್ಟಿದ ತೆಂಗಿನ ಚಿಪ್ಪುಗಳ ತೋರಣ, ಹಳದಿ ಬಣ್ಣ ಬಳಿದ ಹಳೆಯ ಸ್ಕೂಟರ್ ಟೈರು! ಮಣ್ಣಿನ ಬೋಗುಣಿಯ ನೀರಿಗೆ ಅಳಿಲು, ಪಿಕಳಾರ ಹಕ್ಕಿ ಬರುತ್ತವೆ.

ಒಂದು ಮಳೆಗಾಲ ಟೈರಿನಲ್ಲಿ ನಿಂತ ನೀರಲ್ಲಿ ಪುಟ್ಟ ಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಸೊಳ್ಳೆ ಮರಿಗಳು! ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ಜಾಗವೇ ಇಷ್ಟ. ನೀರು ಚೆಲ್ಲಿ ನಿಶ್ಚಿಂತನಾದೆ. ಮತ್ತೆ ಮಳೆ ಬಂತು, ಹುಳುಗಳೂ ಬಂದವು. ಏಕೆ ಗೊತ್ತೇ? ಈಡಿಸ್ ಮೊಟ್ಟೆಗಳು ಒಳಮೈಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರಬಲ್ಲವು.

ಆಮೇಲೆ ಟೈರಿನ ಒಳಗೆಲ್ಲ ಉಜ್ಜಿ, ಮಣ್ಣು ತುಂಬಿ ಚೆಂಡುಹೂ ನೆಟ್ಟೆ. ಬೋಗುಣಿಯನ್ನೂ ಮೂರು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕುತ್ತೇನೆ. ಅಷ್ಟು ಹೊತ್ತೂ ಪಿಕಳಾರ ಬೇಲಿಯ ಮೇಲೆ ಕುಳಿತು ನನ್ನನ್ನು ಗದರುತ್ತಿರುತ್ತದೆ.