ಭಾರದ ಜೀಪಿಗೆ ರಸ್ತೆ ಟೈರು

ಬೈಲಕುಪ್ಪೆ ಕಡೆಯ ಜೀಪುಗಳು ಹೊಗೆಸೊಪ್ಪಿನ ಹೊಲದ ಕೆಸರಿಗೆ ಇಳಿಯುವುದಕ್ಕಿಂತ ಮೈಸೂರು–ಕುಶಾಲನಗರ ಹೆದ್ದಾರಿಯಲ್ಲಿ ಓಡುವುದೇ ಹೆಚ್ಚಾದರೆ, ದಪ್ಪ ಹಲ್ಲಿನ ಮಡ್ ಟೈರು ದಂಡ. ಡಾಂಬರಿನಲ್ಲಿ ಅದು ಬೇಗ ಸವೆಯುತ್ತದೆ, ಗುಂಯ್‌ಗುಡುತ್ತದೆ, ಡೀಸೆಲ್ಲನ್ನೂ ಹೆಚ್ಚು ಕುಡಿಯುತ್ತದೆ. ಎಚ್‌ಟಿ, ಅಂದರೆ ಹೆದ್ದಾರಿ ಟೈರೇ ಕೈಗೆಟುಕುವ ದಾರಿ.

ಅಗ್ಗವೆಂದು ಕಾರಿನ ಟೈರು ಹಾಕಿಸುವುದು ಮಾತ್ರ ಅಪಾಯ. ಟೈರಿನ ಪಕ್ಕದಲ್ಲಿ ಅಳತೆಯ ನಂತರ ಅಚ್ಚಾದ ಸಂಖ್ಯೆ ಅದು ಹೊರಬಲ್ಲ ಭಾರದ ಗುರುತು: 104 ಎಂದರೆ 900 ಕೆ.ಜಿ., 111 ಎಂದರೆ 1,090. ವಾಹನದ ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆಯದು ಪುಕ್ಕಟೆ ಸಿಕ್ಕರೂ ಬೇಡ.

ರಿಯಾಯಿತಿಯ ಮಾಲಾದರೆ ನಾಲ್ಕಂಕಿಯ ತಯಾರಿ ಗುರುತು ನೋಡಬೇಕು. 3224 ಎಂದಿದ್ದರೆ 2024ರ 32ನೇ ವಾರದ್ದು. ರೀಬಟನ್ ಟೈರನ್ನು, ಅಂದರೆ ಸವೆದದ್ದಕ್ಕೆ ಹೊಸ ರಬ್ಬರು ಕೂರಿಸಿದ್ದನ್ನು, ಮುಂದಿನ ಚಕ್ರಗಳಿಗಂತೂ ಹಾಕಿಸಬಾರದು.