ಒಂದು ಬೆರಳಿನ ನೋವು

ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ಹುಡುಗನೊಬ್ಬ ಬೇಸಿಗೆ ರಜೆಯಿಂದ ದಸರೆಯೊಳಗೆ ಎಷ್ಟು ಎತ್ತರ ಬೆಳೆದನೆಂದರೆ, ಅವನ ತಾಯಿ ಸಮವಸ್ತ್ರದ ಪ್ಯಾಂಟಿನ ಅಂಚನ್ನು ಎರಡು ಸಲ ಬಿಚ್ಚಿ ಹೊಲಿದರು. ಮನೆಯವರಿಗೆ ಅದು ಸಂತೋಷದ ಸಂಗತಿ. ಬಲ ಮೊಣಕಾಲಿನ ಕೆಳಗೆ ಮೂಡುತ್ತಿದ್ದ ಸಣ್ಣ ಗಂಟನ್ನು ಯಾರೂ ನೋಡಲಿಲ್ಲ. ಅದನ್ನು ಹುಡುಗನೇ ಮುಚ್ಚಿಟ್ಟಿದ್ದ.

ಮುಚ್ಚಿಡಲು ಕಾರಣವಿತ್ತು. ಅವನು ಮೂರು ಸಾವಿರ ಮೀಟರ್ ಓಟಗಾರ. ಸಾತಾರಾ ಜಿಲ್ಲೆಯ ಬರದ ಸೀಮೆಯ ಮೋಹಿ ಗ್ರಾಮದ ಲಲಿತಾ ಬಾಬರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್‌ನ ಅಂತಿಮ ಸ್ಪರ್ಧೆಯವರೆಗೆ ಓಡಿದ ಕಥೆಯನ್ನು ಅವನು ಶಾಲೆಯಲ್ಲಿ ಕೇಳಿದ್ದ. ಓಟದಿಂದ ಮುಂದೆ ರೈಲ್ವೆಯಲ್ಲೋ ಸೈನ್ಯದಲ್ಲೋ ನೌಕರಿ ದೊರೆಯಬಹುದೆಂಬ ಆಸೆ, ಮಳೆಯನ್ನು ನಂಬಿದ ಒಕ್ಕಲುತನದ ಮನೆಗಳಲ್ಲಿ ಬರಿಯ ಆಸೆಯಲ್ಲ. ಅದು ಅರ್ಧ ಲೆಕ್ಕಾಚಾರ. ತಾಲೂಕು ಮಟ್ಟದ ಸ್ಪರ್ಧೆ ಹತ್ತಿರವಾದಂತೆ ಅವನು ಶಾಲೆಯ ಅಭ್ಯಾಸ ಸಾಲದೆಂದು ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಒಬ್ಬನೇ ಓಡತೊಡಗಿದ. ಮೂರು ವಾರಗಳಲ್ಲಿ ಓಡುವ ದೂರ ಇಮ್ಮಡಿಯಾಯಿತು. ನೋವು ಹೆಚ್ಚಿದಾಗ ಕಿರಾಣಿ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ ಓಡಿದ. ಸಾಕ್ಷಿಯ ಬಾಯಿ ಮುಚ್ಚಿಸಿ ಮೊಕದ್ದಮೆ ಗೆಲ್ಲಲು ಹೊರಟಂತಿತ್ತು ಆ ಉಪಾಯ.

ಕೊನೆಗೆ ವಿಷಯ ಹೊಲದಲ್ಲಿ ಹೊರಬಿತ್ತು. ದಾಳಿಂಬೆ ಗಿಡದ ಬುಡದಲ್ಲಿ ಕಳೆ ಕೀಳಲು ಕುಕ್ಕರುಗಾಲಿನಲ್ಲಿ ಕುಳಿತವನಿಗೆ ಏಳಲಾಗಲಿಲ್ಲ. ಅಜ್ಜಿ ಬಿಸಿ ಎಣ್ಣೆ ಹಚ್ಚಿ ಗಂಟನ್ನು ಬಲವಾಗಿ ತಿಕ್ಕಿದರು. ನೋವು ಮತ್ತಷ್ಟು ಕೆರಳಿತು. ತಂದೆ ಒಂದೇ ಮಾತಿನಲ್ಲಿ ತೀರ್ಪಿತ್ತರು: ಇನ್ನು ಓಟ ಬೇಡ.

ಮಿರಜಿನ ಮೂಳೆ ವೈದ್ಯರು ಮರಾಠಿಯಲ್ಲಿ ಪ್ರಶ್ನೆ ಕೇಳಿದರು. ಹುಡುಗನಿಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತಿತ್ತು, ನೋವಿನ ಮರಾಠಿ ಬರುತ್ತಿರಲಿಲ್ಲ. ಅವನ ಬಳಿ ಇದ್ದ ಮಾತು ‘ದುಖತಂಯ್’ ಒಂದೇ. ಜಗ್ಗುವ ನೋವು, ಚುಚ್ಚುವ ನೋವು, ಉರಿಯುವ ನೋವು, ಹಿಂಡುವ ನೋವು ಇವೆಲ್ಲ ಅವನಿಗೆ ಕನ್ನಡದಲ್ಲಿ ಬೇರೆ ಬೇರೆಯಾಗಿದ್ದವು. ಅಥಣಿ ಕಡೆಯ ದಾದಿಯೊಬ್ಬರು ನಡುವೆ ನಿಂತು ಅರ್ಥ ಹೇಳಿದರು. ಮೆಟ್ಟಿಲು ಏರುವಾಗ ಜಗ್ಗುತ್ತದೆ, ಮಂಡಿಯೂರಿದರೆ ಚುಚ್ಚುತ್ತದೆ, ರಾತ್ರಿ ನೋವಿಲ್ಲ. ಇಷ್ಟು ತಿಳಿದ ಮೇಲೆ ವೈದ್ಯರು, ನೋವಿನ ಸ್ಥಳವನ್ನು ಒಂದೇ ಬೆರಳಿನಿಂದ ತೋರಿಸಲು ಹೇಳಿದರು. ಹುಡುಗನ ಬೆರಳು ನೇರವಾಗಿ ಮಂಡಿಚಿಪ್ಪಿನ ಕೆಳಗಿನ ಗಂಟಿನ ಮೇಲೆ ನಿಂತಿತು. ಚಿಪ್ಪಿನ ಹಿಂದೆ ನೋಯುವ ಓಟಗಾರರು ಸಾಮಾನ್ಯವಾಗಿ ಹೀಗೆ ತೋರಿಸಲಾರರು. ಅವರು ಅಂಗೈಯಿಂದ ಮೊಣಕಾಲನ್ನೇ ಬಳಸಿ ಹಿಡಿಯುತ್ತಾರೆ.

ವೈದ್ಯರು ಸೊಂಟದ ಕೀಲನ್ನೂ ತಿರುಗಿಸಿ ನೋಡಿದರು. ತಂದೆಗೆ ಇದು ಅನವಶ್ಯಕ ಎನಿಸಿತು. ಆದರೆ ಬೆಳೆಯುವ ಮಕ್ಕಳಲ್ಲಿ ಸೊಂಟದ ಕೀಲಿನ ದೋಷವು ಕೆಲವೊಮ್ಮೆ ಮೊಣಕಾಲಿನ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಕುಂಟುವ ಮಗುವಿನ ಮೊಣಕಾಲನ್ನಷ್ಟೇ ನೋಡಿ ಕಳುಹಿಸುವುದು ಅಪಾಯ.

ಹುಡುಗನಿಗಿದ್ದದ್ದು ಆಸ್‌ಗುಡ್-ಶ್ಲಾಟರ್ ಎಂಬ ಬಾಧೆ. 1903ರಲ್ಲಿ ಬೋಸ್ಟನ್ನಿನ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಶ್ಲಾಟರ್ ಇದನ್ನು ಪ್ರತ್ಯೇಕವಾಗಿ ವಿವರಿಸಿದ್ದರಿಂದ ಈ ಜೋಡಿ ಹೆಸರು. ಎಲುಬು ಬೇಗ ಉದ್ದವಾದಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗುತ್ತದೆ. ಆ ಸ್ನಾಯುವಿನ ಸೆಳೆತವೆಲ್ಲ ಮಂಡಿಚಿಪ್ಪನ್ನು ದಾಟಿ ಕಣಕಾಲಿನ ಎಲುಬಿನ ತಲೆಯ ಬಳಿ ಕೂಡುತ್ತದೆ. ಅಲ್ಲಿ ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ. ಓಟ, ಜಿಗಿತಗಳಲ್ಲಿ ಆ ಎಳೆಯ ಜಾಗವನ್ನು ಮತ್ತೆ ಮತ್ತೆ ಜಗ್ಗಿದರೆ ಅದು ಊದಿ ನೋಯುತ್ತದೆ. ಬೆಳವಣಿಗೆ ಮುಗಿದಾಗ ಬಹುಪಾಲು ಮಕ್ಕಳಲ್ಲಿ ನೋವು ತಾನಾಗಿ ಹೋಗುತ್ತದೆ. ಗಂಟು ಮಾತ್ರ ಉಳಿಯಬಹುದು.

ಓಡಿದರೆ ಮೊಣಕಾಲು ಸವೆಯುವುದಿಲ್ಲವೇ ಎಂದು ತಂದೆ ವಾದಿಸಿದರು. ಈ ಭಯ ಎಲ್ಲ ಊರುಗಳಲ್ಲಿಯೂ ಇದೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2017ರ ಸಮೀಕ್ಷೆಯೊಂದರಲ್ಲಿ, ಹವ್ಯಾಸಕ್ಕಾಗಿ ಓಡುವವರ ಪೈಕಿ ಶೇಕಡಾ 3.5 ಜನರಿಗೆ ಸೊಂಟ ಅಥವಾ ಮೊಣಕಾಲಿನ ಕೀಲುಸವೆತ ಕಂಡುಬಂದಿತ್ತು; ಓಡದವರಲ್ಲಿ ಆ ಪ್ರಮಾಣ 10.2. ಸ್ಪರ್ಧೆಯನ್ನೇ ವೃತ್ತಿಯಂತೆ ನಡೆಸಿದವರಲ್ಲಿ ಅದು 13.3 ಇತ್ತೆಂಬುದನ್ನೂ ಹೇಳಬೇಕು. ತಂದೆಯ ಭಯ ಪೂರ್ತಿ ನಿರಾಧಾರವೇನೂ ಆಗಿರಲಿಲ್ಲ.

ಓಟವನ್ನು ಬಿಡಬೇಕಾಗಿಲ್ಲ, ಅಳತೆಯಲ್ಲಿಡಬೇಕು ಎಂದರು ವೈದ್ಯರು. ಓಡುವಾಗ ನೋವು ಅಲ್ಪವಾಗಿರಬೇಕು, ಮರುದಿನ ಬೆಳಗ್ಗೆ ಉಳಿದಿರಬಾರದು. ಉಳಿದರೆ ಆ ದಿನ ವಿಶ್ರಾಂತಿ. ಓಡಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ. ತೊಡೆಯ ಸ್ನಾಯುವನ್ನು ಹಿಗ್ಗಿಸುವ, ತೊಡೆ-ಪೃಷ್ಠಗಳನ್ನು ಬಲಪಡಿಸುವ ವ್ಯಾಯಾಮ. ನೋವು ಮರೆಸಿ ಓಡಲು ಗುಳಿಗೆ ಕೂಡದು. ಮೊಣಕಾಲು ಊದಿಕೊಂಡರೆ, ಮಡಚಿದ್ದು ಬಿಡಿಸಲಾಗದಂತೆ ಸಿಕ್ಕಿಕೊಂಡರೆ, ರಾತ್ರಿ ನಿದ್ದೆಗೆಡಿಸಿದರೆ ತಡಮಾಡದೆ ಬರಬೇಕು.

ಹಿಂದಿರುಗುವ ಬಸ್ಸಿನಲ್ಲಿ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ನೋವಾದರೆ ಹೇಳಬೇಕೆಂದು ಮಗನಿಗೆ ಬಯ್ಯಬೇಕೆಂದಿದ್ದವರು, ಹೇಳಿದರೆ ತಾವು ಏನು ಮಾಡುತ್ತಿದ್ದೆವೆಂಬುದನ್ನು ನೆನೆದು ಸುಮ್ಮನಾದರು.

ಆ ವರ್ಷದ ಸ್ಪರ್ಧೆಯಲ್ಲಿ ಹುಡುಗ ಓಡಲಿಲ್ಲ. ಗೆರೆಯ ಬಳಿ ಗಡಿಯಾರ ಹಿಡಿದು ಗೆಳೆಯರ ಸಮಯ ಬರೆದುಕೊಂಡ. ಚಳಿಗಾಲದಲ್ಲಿ ಡಾಂಬರು ಬಿಟ್ಟು ಹೊಲದ ಬದಿಯ ಮೆತ್ತನೆಯ ದಾರಿಯಲ್ಲಿ ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆಯಿಂದ ಮತ್ತೆ ಆರಂಭಿಸಿದ. ಈಗ ಪ್ರತಿದಿನ ಬೆಳಗ್ಗೆ ತಂದೆ ಹೆಬ್ಬೆರಳಿನಿಂದ ಆ ಗಂಟನ್ನು ಮೆಲ್ಲನೆ ಒತ್ತಿ, ಜಗ್ಗುತ್ತದೋ ಚುಚ್ಚುತ್ತದೋ ಎಂದು ಕೇಳುತ್ತಾರೆ. ಹುಡುಗ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಪ್ಯಾಂಟಿನ ಅಂಚಿನಲ್ಲಿ ಬಿಚ್ಚಲು ಇನ್ನು ಬಟ್ಟೆ ಉಳಿದಿಲ್ಲ; ಮುಂದಿನ ಜೂನ್‌ಗೆ ಹೊಸದೇ ಆಗಬೇಕು.